ಸಾಲ ತೀರ್ಸೋಕೆ ಕಲೆಕ್ಷನ್ ಮಾರ್ಬೇಕಾ, ಬೇಡ್ವಾ? ಹಳೇ ವಾಚು, ನಾಣ್ಯ ಇಟ್ಕೊಂಡೋರಿಗೆ ಒಂದು ಲೆಕ್ಕ

ನಮ್ಮನೆ ಬೀರು ಮೇಲಿನ ಖಾನೇಲಿ ಒಂದು ಟೈಮಲ್ಲಿ 63 ಹೆಚ್‌ಎಂಟಿ ವಾಚು ಇದ್ವು, ಅದೇ ಬೀರು ಕೆಳಗಿನ ಡ್ರಾಯರಲ್ಲಿ 2,40,000 ರೂಪಾಯಿ ಕ್ರೆಡಿಟ್ ಕಾರ್ಡ್ ಬಿಲ್ಲು. ಯಾರಾದ್ರೂ ಕೇಳಿದ್ರೆ ಅಮ್ಮನ ಆಪರೇಷನ್‌ಗೆ ಆಗಿದ್ದು ಅಂತಿದ್ದೆ, ಅದು ಅರ್ಧ ನಿಜ, ಇನ್ನರ್ಧ ಆ ವಾಚುಗಳೇ, ರಾತ್ರಿ ಹನ್ನೊಂದಕ್ಕೆ ಮೊಬೈಲ್ ಹಿಡ್ಕೊಂಡು ಕೂತು "ಇದೊಂದು ಕೊನೇದು" ಅಂತ ಕೊಂಡಿದ್ದು. ಹಂಗಾಗಿ ಈ ವಿಷ್ಯದಲ್ಲಿ ನಾನು ದೊಡ್ಡ ಮನುಷ್ಯನ ಥರ ಬುದ್ಧಿ ಹೇಳೋಕೆ ಬಂದಿಲ್ಲ, ಪೆಟ್ಟು ತಿಂದು ಕಲ್ತ ಲೆಕ್ಕ ಇದು.

ಮಾರ್ಬೇಕಾ ಬೇಡ್ವಾ ಅಂತ ಎಲ್ಲರೂ ಕಲೆಕ್ಷನ್ ನೋಡ್ಕೊಂಡು ಯೋಚ್ನೆ ಮಾಡ್ತಾರೆ, ಅಲ್ಲೇ ಎಡವೋದು. ಮೊದಲು ಸಾಲದ ಕಡೆ ನೋಡಿ, ಯಾಕಂದ್ರೆ ಸಾಲ ಸಾಲಕ್ಕೂ ಆಕಾಶ ಭೂಮಿ ವ್ಯತ್ಯಾಸ ಇದೆ.

ಮೊದಲು ಯಾವ ಸಾಲ ಅಂತ ಹೇಳಿ

ನನ್ನ ಕಾರ್ಡಿನ ಬಡ್ಡಿ ತಿಂಗಳಿಗೆ 3.5%. ಕೇಳೋಕೆ ಸಣ್ಣದು ಅನ್ಸುತ್ತೆ. 2,40,000ಕ್ಕೆ ಅದು 8,400 ರೂಪಾಯಿ, ಆ ಬಡ್ಡಿ ಮೇಲೆ ಮತ್ತೆ 18% ಜಿಎಸ್‌ಟಿ 1,512, ಒಟ್ಟು 9,912. ಅಂದ್ರೆ ಪ್ರತಿ ತಿಂಗಳು ಹತ್ತಿರ ಹತ್ತಿರ ಹತ್ತು ಸಾವಿರ ಕೊಟ್ರೂ ಅಸಲು ಒಂದು ರೂಪಾಯಿ ಕಮ್ಮಿ ಆಗಲ್ಲ. ನಾನು "ಮಿನಿಮಮ್ ಡ್ಯೂ", ಅಂದ್ರೆ ಬಿಲ್ಲಲ್ಲಿ ಕೇಳೋ ಕನಿಷ್ಠ ಮೊತ್ತ ಮಾತ್ರ ಕಟ್ಟಿ ಕಟ್ಟಿ ಎಲ್ಲಾ ಸರಿ ಇದೆ ಅಂತ ಏಳೆಂಟು ತಿಂಗಳು ಕಾಲ ತಳ್ಳಿದ್ದೆ. ಅದೇ 2,40,000ನ 14% ಬಡ್ಡಿಗೆ ಮೂರು ವರ್ಷದ ಪರ್ಸನಲ್ ಲೋನ್ ಮಾಡ್ಕೊಂಡ್ರೆ ಇಎಂಐ 8,203, ಮೂರು ವರ್ಷಕ್ಕೆ ಸಾಲನೇ ಮುಗಿಯುತ್ತೆ. ಕಾರ್ಡಿನ ಬರೀ ಬಡ್ಡಿಗಿಂತ ಲೋನಿನ ಪೂರ್ತಿ ಇಎಂಐನೇ ಕಮ್ಮಿ! ಇದನ್ನ ನಾನು ಒಂದು ಭಾನುವಾರ ಪೇಪರ್ ಮೇಲೆ ಬರ್ದು ನೋಡಿ ಸುಮಾರು ಹೊತ್ತು ಹಂಗೇ ಕೂತಿದ್ದೆ.

ವರ್ಷಕ್ಕೆ ನಲವತ್ತರ ಮೇಲೆ ಬಡ್ಡಿ ತಿನ್ನೋ ಸಾಲ ಇಟ್ಕೊಂಡು "ವಾಚು ರೇಟ್ ಮುಂದೆ ಏರುತ್ತೆ ಬಿಡಿ" ಅನ್ನೋದು ನಮ್ಮನ್ನ ನಾವೇ ಏಮಾರಿಸ್ಕೊಳ್ಳೋದು. ವರ್ಷಾ ವರ್ಷಾ ಆ ಸ್ಪೀಡಲ್ಲಿ ಏರೋ ವಾಚೂ ಇಲ್ಲ, ನಾಣ್ಯನೂ ಇಲ್ಲ. ಇಂಥಾ ಸಾಲಕ್ಕೆ ಮಾರೋದೇ ಸರಿ, ಆದ್ರೆ ಹೇಗೆ ಮಾರೋದು ಅನ್ನೋದು ಬೇರೆ ಮಾತು, ಅದಕ್ಕೆ ಆಮೇಲೆ ಬರ್ತೀನಿ.

ಹೌಸಿಂಗ್ ಲೋನ್ ಇದ್ದು ಎಂಟೂವರೆ ಒಂಬತ್ತು ಪರ್ಸೆಂಟ್ ಕಟ್ತಿದೀರ, ಕಂತು ತಪ್ಪಿಲ್ಲ, ಸುಮ್ನೆ ಸಾಲ ಬೇಗ ಮುಗಿಸ್ಬೇಕು ಅಂತ ಆಸೆ, ಅಂದ್ರೆ ಕಲೆಕ್ಷನ್ ಮುಟ್ಬೇಡಿ. ಅದಕ್ಕೆ ಇಷ್ಟೇ ನನ್ನ ಉತ್ತರ.

ಕೈಸಾಲ ಬೇರೆ ಥರ. ಭಾವಮೈದುನನ ಹತ್ರ ಬಡ್ಡಿ ಇಲ್ದೆ ಒಂದು ಲಕ್ಷ ತಗೊಂಡಿದ್ರೆ ಲೆಕ್ಕದ ಪ್ರಕಾರ ಅದು ಕೊನೇಗೆ ತೀರಿಸ್ಬೇಕಾದ ಸಾಲ, ಆದ್ರೆ ಹಬ್ಬಕ್ಕೆ ಅವರ ಮನೆಗೆ ಹೋದಾಗ ನಿಮ್ಮ ಕೈಲಿರೋ ವಾಚನ್ನ ಅವರು ನೋಡೋ ನೋಟಕ್ಕೆ ಯಾವ ಬಡ್ಡಿ ಲೆಕ್ಕನೂ ಇಲ್ಲ. ನಾನಾಗಿದ್ರೆ ಅದಕ್ಕೂ ಮಾರ್ತೀನಿ.

ಇನ್ನು ಮೀಟರ್ ಬಡ್ಡಿ. ನೂರಕ್ಕೆ ತಿಂಗಳಿಗೆ ಹತ್ತು ರೂಪಾಯಿ ಬಡ್ಡಿ ಅಂದ್ರೆ ಹತ್ತು ತಿಂಗಳಿಗೆ ಬಡ್ಡಿನೇ ಅಸಲಿನಷ್ಟಾಗುತ್ತೆ. ಅಲ್ಲಿ ಒಳ್ಳೆ ರೇಟಿಗೆ ಕಾಯೋ ಪ್ರಶ್ನೆನೇ ಬರಲ್ಲ, ನಾಳೆ ಬೆಳಿಗ್ಗೆನೇ ಸಿಕ್ಕಷ್ಟಕ್ಕೆ ಕೊಟ್ಟು ಹೊರಗೆ ಬನ್ನಿ. ಮಿತಿಮೀರಿ ಬಡ್ಡಿ ಹಾಕೋದನ್ನ ತಡೆಯೋಕೆ ಕರ್ನಾಟಕದಲ್ಲಿ 2004ರಲ್ಲೇ ಕಾಯ್ದೆ ಆಗಿದೆ, 2025ರಲ್ಲಿ ಮೈಕ್ರೋ ಫೈನಾನ್ಸ್‌ನವರ ಕಾಟ ಜಾಸ್ತಿ ಆದಾಗ ಇನ್ನೊಂದು ಬಂತು, ಮನೆ ಬಾಗಿಲಿಗೆ ಬಂದು ಗಲಾಟೆ ಮಾಡಿದ್ರೆ ಸ್ಟೇಷನ್‌ಗೆ ಹೋಗ್ಬಹುದು ಅನ್ನೋದು ತಲೇಲಿರ್ಲಿ.

ಕಲೆಕ್ಷನ್‌ಗೆ ನಿಜವಾದ ಬೆಲೆ ಎಷ್ಟು

ನನ್ನ ಡೈರೀಲಿ 63 ವಾಚಿಗೂ "ಈಗಿನ ರೇಟ್" ಅಂತ ಬರ್ದಿಟ್ಟಿದ್ದೆ, ಕೂಡಿದ್ರೆ ಮೂರು ಲಕ್ಷದ ಹತ್ರ. ಆ ರೇಟ್ ಎಲ್ಲಿಂದ ಬಂತು ಅಂದ್ರೆ ಆನ್‌ಲೈನಲ್ಲಿ ಮಾರೋರು ಹಾಕಿದ ರೇಟು. ಹಾಕಿದ ರೇಟ್ ಬೇರೆ, ಮಾರಾಟ ಆದ ರೇಟ್ ಬೇರೆ. ಹೆಚ್‌ಎಂಟಿ ಜನತಾ ಮಾಡೆಲಿನ ಒಂದೇ ವಾಚು ಆರು ಸಾವಿರಕ್ಕೆ ಎರಡು ವರ್ಷದಿಂದ ಲಿಸ್ಟಲ್ಲೇ ಕೂತಿದೆ ಅಂದ್ರೆ ಅದರ ಬೆಲೆ ಆರು ಸಾವಿರ ಅಲ್ಲ ಅಂತ ತಾನೇ ಅರ್ಥ.

ಹೆಚ್‌ಎಂಟಿದೇ ಇನ್ನೊಂದು ಕಥೆ ಇದೆ. 1961ರಲ್ಲಿ ಜಪಾನಿನ ಸಿಟಿಝನ್ ಜೊತೆ ಸೇರ್ಕೊಂಡು ಬೆಂಗಳೂರಲ್ಲಿ ವಾಚ್ ಫ್ಯಾಕ್ಟರಿ ಶುರುವಾಯ್ತು, ಜನತಾ, ಪೈಲಟ್, ಸೋನಾ, ಕೊಹಿನೂರ್, ಮದುವೆ ಗಂಡಿಗೆ ಕೊಡಿಸ್ತಿದ್ದ ಕಾಂಚನ್, ಒಂದು ಕಾಲಕ್ಕೆ ದೇಶದ ಅರ್ಧ ಕೈಗಳಲ್ಲಿ ಇವೇ. 2014ರಲ್ಲಿ ಮುಚ್ಚುತ್ತೆ ಅಂತ ಸುದ್ದಿ ಬಂದಾಗ ಜನ ಮುಗಿಬಿದ್ದು ಕೊಂಡ್ರು, 2016ರ ಜನವರೀಲಿ ಕ್ಯಾಬಿನೆಟ್ ಕೂಡ ಹೂಂ ಅಂತು. ಫ್ಯಾಕ್ಟರಿ ಮುಚ್ಚಿದ್ಮೇಲೆ ರೇಟ್ ಏರ್ತಾನೇ ಇರುತ್ತೆ ಅಂತ ನನ್ನಂಥೋರು ಅಂದ್ಕೊಂಡ್ವಿ. ಆದ್ರೆ ಲಕ್ಷಗಟ್ಲೆ ತಯಾರಾದ ವಾಚು ಎಲ್ಲಿಗೆ ಹೋಗುತ್ತೆ ಹೇಳಿ, ಊರೂರಲ್ಲಿ ಬೀರು ಒಳಗೆ ಮಲಗಿವೆ. ಅದರ ಮೇಲೆ ಹಳೇ ಮೆಷಿನ್‌ಗೆ ಹೊಸ ಡಯಲ್ ಪ್ರಿಂಟ್ ಹಾಕಿ, ಯಾವ್ಯಾವ್ದೋ ಮುಳ್ಳು, ಯಾವ್ದೋ ಕೇಸು ಸೇರಿಸಿ ಮಾಡೋ ಫ್ರಾಂಕನ್ ವಾಚುಗಳ ಕಾಟ. ಕಂಪನಿ ಯಾವತ್ತೂ ಮಾಡ್ದೇ ಇದ್ದ ಬಣ್ಣದ ಡಯಲಲ್ಲಿ ಪೈಲಟ್ ಸಿಗುತ್ತೆ, ಚೆನ್ನಾಗೂ ಕಾಣುತ್ತೆ, ನಾನೇ ಶುರುವಿನಲ್ಲಿ ಅಂಥವು ಹದಿನೈದು ಕೊಂಡಿದ್ದೆ.

ಅದಕ್ಕೇ ಮಾರೋಕೆ ಮುಂಚೆ ಒಬ್ಬ ತಿಳಿದೋರ ಹತ್ರ ಹಿಂದಿನ ಮುಚ್ಚಳ ಬಿಚ್ಚಿಸಿ. ನಮ್ಮ ಏರಿಯಾದಲ್ಲಿ ಮೂವತ್ತು ವರ್ಷದಿಂದ ಕೂತಿರೋ ವಾಚ್ ರಿಪೇರಿ ಭಾಯ್ ಕಣ್ಣಿಗೆ ಲೂಪ್, ಅದೇ ಪುಟ್ಟ ಭೂತಗನ್ನಡಿ, ಸಿಗಿಸ್ಕೊಂಡು ಒಂದೊಂದೇ ತೆಗೆದು ನೋಡಿದ್ರು. "ಇದು ಒರಿಜಿನಲ್ ಸಾರ್. ಇದು ಡಯಲ್ ಬದಲಾಗಿದೆ. ಇದು ಬೇಡ, ಇದೂ ಬೇಡ. ಇದ್ಯಾರು ಕೊಟ್ರು ಸಾರ್ ನಿಮಗೆ?" ಮುಚ್ಚಳದ ಒಳಗಡೆ ಹಿಂದಿನ ರಿಪೇರಿಯವರು ಸೂಜಿಯಲ್ಲಿ ಗೀರಿದ್ದ ತಾರೀಖು ಕಾಣಿಸ್ತಿತ್ತು, ಒಂದರಲ್ಲಿ 12-3-84, ಅದರ ಕೆಳಗೆ 7-9-91. ಆ ವಾಚು ನಾನು ಮಾರಲ್ಲ ಅಂತ ಆಗಲೇ ಗೊತ್ತಾಯ್ತು. ಅರ್ಧ ದಿನ ಹಿಡೀತು, 63ರಲ್ಲಿ 15 ಫ್ರಾಂಕನ್. ಮೂರು ಲಕ್ಷ ಇದ್ದ ಡೈರಿ ಲೆಕ್ಕ ಅಲ್ಲೇ ಎರಡು ಲಕ್ಷದ ಕೆಳಗೆ ಬಂತು.

ನಾಣ್ಯ ಇಟ್ಕೊಂಡಿರೋರಿಗೆ ಈ ಕೆಲಸ ಇನ್ನೂ ಮುಖ್ಯ. ಶಿವಮೊಗ್ಗದ ಫ್ರೆಂಡ್ ಒಬ್ಬನಿಗೆ ತಾತನ ಪೆಟ್ಟಿಗೇಲಿ ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ಸಿಕ್ವು, ಲಕ್ಷಾಂತರ ಬರುತ್ತೆ ಅಂತ ಹಾರಾಡ್ತಿದ್ದ. ವಿಕ್ಟೋರಿಯಾ, ಐದನೇ ಜಾರ್ಜ್ ಕಾಲದ ಮಾಮೂಲಿ ರೂಪಾಯಿ 11.66 ಗ್ರಾಂ, ಅದರಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ, ಅಂದ್ರೆ ಹತ್ತೂಮುಕ್ಕಾಲು ಗ್ರಾಂ ಹತ್ರ ಬೆಳ್ಳಿ. 1940ರಿಂದ ಬೆಳ್ಳಿ ಅರ್ಧಕ್ಕೆ ಇಳೀತು, 1947ರ ರೂಪಾಯಿ ಬರೀ ನಿಕ್ಕಲ್. ಮಾಮೂಲಿ ಇಸವಿ, ಸವೆದ ನಾಣ್ಯ ಆದ್ರೆ ಅವತ್ತಿನ ಬೆಳ್ಳಿ ರೇಟಿಗಿಂತ ಸ್ವಲ್ಪ ಮೇಲೆ ಸಿಗುತ್ತೆ ಅಷ್ಟೇ. ಅದೇ ಆರನೇ ಜಾರ್ಜಿನ 1939ರ ರೂಪಾಯಿ ಬಂದ್ರೆ ಕಥೆನೇ ಬೇರೆ, ಅಪರೂಪದ್ದು, ಅದಕ್ಕೇ ಅದರ ನಕಲಿನೂ ಬೇಕಾದಷ್ಟಿವೆ.

ನಮ್ಮ ಮೈಸೂರಿನ ಕಂಠೀರಾಯಿ ಹಣ ಇದಕ್ಕೆ ಉಲ್ಟಾ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಶುರುವಾದ ಚಿನ್ನದ ನಾಣ್ಯ, ಮೇಲೆ ನರಸಿಂಹ, ತೂಕ ಅರ್ಧ ಗ್ರಾಂಗೂ ಕಮ್ಮಿ, ಬೆರಳ ತುದಿಗೆ ಅಂಟಿದ್ರೆ ಕಾಣಲ್ಲ ಅಷ್ಟು ಚಿಕ್ಕದು. ಆಭರಣದ ಅಂಗಡೀಲಿ ತೂಕಕ್ಕೆ ಹಾಕಿದ್ರೆ ಅರ್ಧ ಗ್ರಾಂ ಚಿನ್ನದ ದುಡ್ಡೂ ಬರಲ್ಲ, ನಾಣ್ಯ ಬಲ್ಲೋರ ಹತ್ರ ಹೋದ್ರೆ ಅದಕ್ಕಿಂತ ಮೇಲೆ ಕೇಳ್ಬಹುದು. ಹಂಗಾಗಿ ಮಾಮೂಲಿ ಬೆಳ್ಳಿ ರೂಪಾಯಿ ಯಾರಿಗೆ ಮಾರಿದ್ರೂ ದೊಡ್ಡ ನಷ್ಟ ಇಲ್ಲ, ಇಂಥದ್ದನ್ನ ಮಾತ್ರ ಕರಗಿಸೋರ ಕೈಗೆ ಕೊಡ್ಬೇಡಿ.

ದಯವಿಟ್ಟು ಹುಣಸೆಹಣ್ಣು, ಪೀತಾಂಬರಿ ಹಾಕಿ ತಿಕ್ಬೇಡಿ. ನನ್ನ ಫ್ರೆಂಡು ಆಗಲೇ ನಾಕು ನಾಣ್ಯ ತಿಕ್ಕಿ ಕನ್ನಡಿ ಥರ ಮಾಡಿದ್ದ, ನೋಡಿದ ಡೀಲರ್ ಅವನ್ನ ಪಕ್ಕಕ್ಕೆ ಸರಿಸಿ ಉಳಿದವಕ್ಕೆ ಮಾತ್ರ ರೇಟ್ ಹೇಳಿದ್ರು.

ಮಾರೋ ದಾರಿಗಳು, ಯಾವ್ದರಲ್ಲಿ ಎಷ್ಟು ಕೈಗೆ ಬರುತ್ತೆ

ಡೀಲರ್‌ಗೆ ಒಟ್ಟಿಗೆ ಕೊಡೋದು. ಒಂದೇ ದಿನದಲ್ಲಿ ಮುಗಿಯುತ್ತೆ, ಕ್ಯಾಶ್. ನನ್ನ 63 ವಾಚು ಟೇಬಲ್ ಮೇಲೆ ಹರಡಿದಾಗ ಒಬ್ಬರು ಟೀ ಕುಡೀತಾನೇ "ಎಲ್ಲಾ ಸೇರಿಸಿ ಎಪ್ಪತ್ತು ಸಾವಿರ ಕೊಡ್ತೀನಿ ಸಾರ್, ಈಗಲೇ" ಅಂದ್ರು. ನಂಗೆ ಮುಖಕ್ಕೆ ಹೊಡೆದಂಗಾಯ್ತು. ಆಮೇಲೆ ಯೋಚ್ನೆ ಮಾಡಿದ್ರೆ ಅವರದ್ದೂ ತಪ್ಪಿಲ್ಲ, ಅವರು ಒಂದೊಂದೇ ಮಾರ್ಬೇಕು, ಅಂಗಡಿ ಬಾಡಿಗೆ ಕಟ್ಬೇಕು, ಹತ್ತು ವಾಚು ಹಂಗೇ ಉಳಿಯುತ್ತೆ. ಡೀಲರ್ ಕೊಡೋದು ನಿಮ್ಮ ಅವಸರಕ್ಕೆ ರೇಟು, ವಾಚಿಗಲ್ಲ.

ನಾವೇ ಒಂದೊಂದಾಗಿ ಕಲೆಕ್ಟರ್ಸ್‌ಗೆ ಮಾರೋದು. ದುಡ್ಡು ಜಾಸ್ತಿ, ತಲೆನೋವೂ ಜಾಸ್ತಿ. ಫೋಟೋ ತೆಗೀಬೇಕು, ಮುಚ್ಚಳ ಬಿಚ್ಚಿ ಮೆಷಿನ್ ಫೋಟೋ ಹಾಕ್ಬೇಕು, "ಲಾಸ್ಟ್ ಎಷ್ಟು ಬ್ರೋ" ಅಂತ ಇಪ್ಪತ್ತು ಮೆಸೇಜ್, ಅದರಲ್ಲಿ ಒಬ್ಬ ತಗೋತಾನೆ. ಒಂದು ಮಾತು, ಫ್ರಾಂಕನ್ ಇದ್ರೆ ಫ್ರಾಂಕನ್ ಅಂತಾನೇ ಬರ್ದು ಮಾರಿ. ನಾನು 15ನ್ನೂ ಹಂಗೇ ಮಾರಿದೆ, ಕಮ್ಮಿ ಬಂತು, ಆದ್ರೆ ಅದರಿಂದ ನಂಬಿಕೆ ಬಂದು ಒರಿಜಿನಲ್‌ಗಳನ್ನ ಜನ ಚೌಕಾಸಿ ಇಲ್ದೆ ತಗೊಂಡ್ರು.

ಹರಾಜು. ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬೈನ ಟೋಡಿವಾಲಾ ಥರದವರು ನಾಣ್ಯ, ನೋಟುಗಳ ಹರಾಜು ನಡೆಸ್ತಾರೆ. ನಿಜವಾಗ್ಲೂ ಅಪರೂಪದ ಒಂದೋ ಎರಡೋ ಐಟಂ ಇದ್ರೆ ಇದೇ ಬೆಸ್ಟ್, ಯಾಕಂದ್ರೆ ಬೇಕೇ ಬೇಕು ಅನ್ನೋ ಇಬ್ಬರು ಒಂದೇ ಕಡೆ ಸೇರೋದು ಅಲ್ಲೇ. ಆದ್ರೆ ಕ್ಯಾಟಲಾಗ್ ಆಗಿ, ಹರಾಜು ನಡೆದು, ಕೊಂಡೋರು ಕಟ್ಟಿ, ಕಮಿಷನ್ ಮುರ್ಕೊಂಡು ನಿಮ್ಮ ಕೈಗೆ ದುಡ್ಡು ಬರೋದ್ರೊಳಗೆ ತಿಂಗಳುಗಳು ಕಳೀತವೆ. ಕಮಿಷನ್ ಎಷ್ಟು, ಮಿನಿಮಮ್ ರೇಟ್ ಎಷ್ಟಕ್ಕೆ ಫಿಕ್ಸ್ ಮಾಡ್ತೀರ, ಮಾರಾಟ ಆಗ್ದೇ ಇದ್ರೆ ಏನಾದ್ರೂ ಕಟ್ಬೇಕಾ, ಈ ಮೂರನ್ನ ಬರವಣಿಗೇಲಿ ಕೇಳಿ ತಗೊಳ್ಳಿ. ಕಾರ್ಡ್ ಸಾಲ ತಲೆ ಮೇಲಿದ್ದಾಗ ಹರಾಜನ್ನೇ ನಂಬ್ಕೊಂಡು ಕೂರೋ ಹಂಗಿಲ್ಲ.

ಅಡವು ಇಡೋದು. ವಾಚನ್ನ ಬ್ಯಾಂಕ್ ಅಡವು ಇಟ್ಕೊಳಲ್ಲ. ಚಿನ್ನದ ಹಳೇ ನಾಣ್ಯಕ್ಕೆ ಯಾರಾದ್ರೂ ಸಾಲ ಕೊಟ್ರೂ ತೂಕ ನೋಡಿ ಕೊಡ್ತಾರೆ, ಇತಿಹಾಸ ನೋಡಿ ಅಲ್ಲ.

ಮತ್ತೆ ಫೋನಲ್ಲಿ ಬರೋ ದಾರಿ ಒಂದಿದೆ, ಅದು ದಾರಿನೇ ಅಲ್ಲ. ವೈಷ್ಣೋದೇವಿ ಚಿತ್ರ ಇರೋ ಐದು ರೂಪಾಯಿಗೆ ಲಕ್ಷ, 786 ನಂಬರ್ ನೋಟಿಗೆ ಲಕ್ಷ, ಆರ್‌ಬಿಐ ಕಡೆಯಿಂದ ಮಾತಾಡ್ತಿದೀವಿ, ಮೊದಲು ಟ್ಯಾಕ್ಸ್ ಕಟ್ಟಿ, ರಿಜಿಸ್ಟ್ರೇಷನ್ ಕಟ್ಟಿ ಅಂತಾರೆ. ಆರ್‌ಬಿಐನೇ 2021ರ ಆಗಸ್ಟಲ್ಲಿ ಇಂಥ ವ್ಯವಹಾರಕ್ಕೂ ನಮಗೂ ಸಂಬಂಧ ಇಲ್ಲ, ನಾವು ಯಾವ ಕಮಿಷನ್ನೂ ಕೇಳಲ್ಲ ಅಂತ ಹೇಳಿದೆ. 1818ರ ಈಸ್ಟ್ ಇಂಡಿಯಾ ಕಂಪನಿ ಹನುಮಂತನ ನಾಣ್ಯ ಅಂತ ಬರೋದೂ ಕಂಪನಿ ಟಂಕಿಸಿದ್ದಲ್ಲ, ಆಮೇಲೆ ಯಾರೋ ಮಾಡಿದ್ದು. ಅಕ್ಕಿ ಎಳೆಯೋ ತಾಮ್ರದ ಪಾತ್ರೆ, ರೈಸ್ ಪುಲ್ಲರ್, ಅದರಲ್ಲಿ ಮನೆ ಮಾರ್ಕೊಂಡೋರ ಕಥೆ ನಮ್ಮ ಪೇಪರ್‌ಗಳಲ್ಲೇ ಎಷ್ಟೋ ಬಂದಿವೆ. ಸಾಲದಲ್ಲಿರೋ ಮನುಷ್ಯನಿಗೆ ಇಂಥ ಫೋನ್ ದೇವರ ಫೋನ್ ಥರ ಕೇಳ್ಸುತ್ತೆ, ಅದೇ ಅಪಾಯ.

ನಾನು ಏನ್ ಮಾಡ್ದೆ

ಇಲ್ಲಿ ಒಂದು ಸಣ್ಣ ಲೆಕ್ಕ ಬರುತ್ತೆ, ಎಲ್ಲರೂ ಇದನ್ನ ಅವರವರ ನಂಬರ್ ಹಾಕಿ ಮಾಡ್ಕೊಳ್ಳಿ. ಡೀಲರ್‌ಗೆ ಕೊಟ್ರೆ ಎಷ್ಟು ಕಮ್ಮಿ ಬರುತ್ತೆ, ಕಾದು ಮಾರಿದ್ರೆ ಅಷ್ಟು ತಿಂಗಳಿಗೆ ಬಡ್ಡಿ ಎಷ್ಟಾಗುತ್ತೆ, ಎರಡನ್ನ ಪಕ್ಕಪಕ್ಕ ಇಡಿ. ನಂದು ಐದು ತಿಂಗಳು ಕಾದ್ರೆ ಕಾರ್ಡ್ ಬಡ್ಡಿನೇ ಹತ್ರ ಹತ್ರ ಐವತ್ತು ಸಾವಿರ. ಅಂದ್ರೆ ಕಾದು ಸಿಗೋ ಲಾಭದ ಬಹುಭಾಗ ಬ್ಯಾಂಕಿಗೇ ಹೋಗುತ್ತೆ. ಕಾಯೋದು ತಪ್ಪಲ್ಲ, ದುಬಾರಿ ಸಾಲ ಇಟ್ಕೊಂಡು ಕಾಯೋದು ತಪ್ಪು. ಹಂಗಾಗಿ ಮೊದಲು ಸಾಲನ ಅಗ್ಗದ ಕಡೆಗೆ ಎತ್ತಾಕಿ, ಆಮೇಲೆ ನಿಧಾನಕ್ಕೆ ಮಾರಿ.

ಹೆಂಡ್ತಿ ಬಳೆ ಕೇಳೋಕೆ ನಂಗೆ ನಾಚಿಕೆ, ಅವಳೇ ಒಂದಿನ "ರೀ, ಬಳೆ ಲಾಕರಲ್ಲಿ ಕೂತು ಏನ್ ಮಾಡ್ತಿವೆ, ಇಡಿ, ಆದ್ರೆ ವಾಚು ಮಾರಿದ ದುಡ್ಡು ನನ್ನ ಅಕೌಂಟಿಗೇ ಬರ್ಬೇಕು" ಅಂದ್ಳು. ಬ್ಯಾಂಕಲ್ಲಿ ಗೋಲ್ಡ್ ಲೋನ್ 1,50,000, ವರ್ಷಕ್ಕೆ 9.5%, ತಿಂಗಳಿಗೆ ಬಡ್ಡಿ 1,190ರ ಹತ್ರ. ಅದೇ ಒಂದೂವರೆ ಲಕ್ಷಕ್ಕೆ ಕಾರ್ಡಲ್ಲಿ ಜಿಎಸ್‌ಟಿ ಸೇರಿ 6,195 ಹೋಗ್ತಿತ್ತು. ಚಿನ್ನ ಇಲ್ದೋರು ಪರ್ಸನಲ್ ಲೋನ್ ನೋಡಿ, ಇಲ್ಲಾಂದ್ರೆ ಕಾರ್ಡಿನವರಿಗೇ ಫೋನ್ ಮಾಡಿ ಬಾಕಿನ ಇಎಂಐ ಮಾಡ್ಕೊಡಿ ಅಂತ ಕೇಳಿ, ಬಡ್ಡಿ ಎಷ್ಟೋ ಇಳಿಯುತ್ತೆ. ಒಂದೇ ಕಂಡೀಷನ್, ಕಾರ್ಡ್ ಖಾಲಿ ಆಯ್ತು ಅಂತ ಮತ್ತೆ ಉಜ್ಜೋ ಹಂಗಿಲ್ಲ. ಉಜ್ಜೋ ಜಾತಿ ನೀವು ಅಂತ ನಿಮಗೇ ಗೊತ್ತಿದ್ರೆ ಈ ದಾರಿ ಬಿಟ್ಟು ಡೀಲರ್‌ಗೆ ಕೊಟ್ಟು ಕೈ ತೊಳ್ಕೊಳ್ಳಿ, ತಮಾಷೆ ಮಾಡ್ತಿಲ್ಲ.

ಉಳಿದ 90,000ಕ್ಕೆ ವಾಚು. ಮೊದಲ ತಿಂಗಳು ಡಬಲ್ ಇದ್ದವು, ಬೇಗ ಹೋಗೋವು, ಒಟ್ಟು 19 ಮಾರಿದೆ, ಪೋಸ್ಟ್ ಖರ್ಚು ಕಳೆದು 52,000. ಇನ್ನುಳಿದದ್ದು ಎರಡು ಸಂಬಳದಲ್ಲಿ ಕಟ್ಟಿ ಕಾರ್ಡ್ ಮುಗಿಸ್ದೆ. ಆಮೇಲೆ ಅವಸರ ಇರ್ಲಿಲ್ಲ, ನಾಲ್ಕು ತಿಂಗಳಲ್ಲಿ ಇನ್ನೂ 22 ವಾಚು, 79,000. 63ಕ್ಕೆ ಎಪ್ಪತ್ತು ಸಾವಿರ ಅಂದಿದ್ರಲ್ಲ, 41ಕ್ಕೆ 1,31,000 ಬಂತು. ಎಂಟನೇ ತಿಂಗಳು ಬಳೆ ಬಿಡಿಸ್ಕೊಂಡ್ವಿ.

ಯಾವ್ದು ಮಾರೋದು, ಯಾವ್ದು ಇಟ್ಕೊಳ್ಳೋದು ಅಂತ ತುಂಬಾ ಜನ ಕೇಳ್ತಾರೆ. ಬೆಲೆ ನೋಡಿ ವಿಂಗಡಿಸ್ಬೇಡಿ. ನಾನು ವಾಚೆಲ್ಲಾ ಒಂದು ಟ್ರೇಗೆ ಹಾಕಿ ಮೇಲೆ ಟವೆಲ್ ಮುಚ್ಚಿ ಪೇಪರ್ ತಗೊಂಡು ನೆನಪಿಂದ ಬರೀತಾ ಹೋದೆ, 26 ಬರೆದೆ, ಆಮೇಲೆ ಪೆನ್ನು ನಿಂತೋಯ್ತು. ನೆನಪಿಗೇ ಬರದೇ ಇದ್ದ 37 ವಾಚಿಗೆ ಬಡ್ಡಿ ಕಟ್ಟಿದ್ದೆ ನಾನು! ಅವು ಹೋದದ್ದಕ್ಕೆ ಇವತ್ತಿಗೂ ಬೇಜಾರಿಲ್ಲ. ಬರೆದ 26ರಲ್ಲಿ ನಾಲ್ಕು ಮಾರಿದೆ, ಒಂದು ಕಪ್ಪು ಡಯಲಿನ ಪೈಲಟ್ ಈಗಲೂ ಕಾಡುತ್ತೆ, ದಾವಣಗೆರೆಯೋರು ಒಬ್ರು ತಗೊಂಡ್ರು, ವಾಪಸ್ ಕೇಳೋಣ ಅಂತ ಎರಡು ಸಲ ಮೆಸೇಜ್ ಟೈಪ್ ಮಾಡಿ ಅಳಿಸಿದೀನಿ.

ಮಾರೋ ಮುಂಚೆ ಕೆಲವು ಕಾನೂನಿನ ವಿಷ್ಯ

ತಾತನ ಪೆಟ್ಟಿಗೇದು ಅಂದ್ರೆ ಅದು ನಿಮ್ಮೊಬ್ಬರದ್ದೇ ಅಲ್ಲದೇ ಇರ್ಬಹುದು, ಚಿಕ್ಕಪ್ಪ, ಅತ್ತೆ ಎಲ್ಲರಿಗೂ ಒಂದು ಮಾತು ಹೇಳಿ ಆಮೇಲೆ ಮಾರಿ, ಇಲ್ಲಾಂದ್ರೆ ಸಾಲ ತೀರುತ್ತೆ, ಜಗಳ ಶುರುವಾಗುತ್ತೆ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆ ಕೆಳಗೆ ಬರುತ್ತೆ, ಟಿಪ್ಪು ಕಾಲದ ಆನೆ ಕಾಸನ್ನ ಲಂಡನ್‌ನಲ್ಲಿರೋ ಯಾರೋ ಜಾಸ್ತಿ ಕೊಡ್ತಾರೆ ಅಂತ ಕವರಲ್ಲಿ ಹಾಕಿ ಕಳ್ಸೋ ಹಂಗಿಲ್ಲ. ಹೊಲ ಉಳೋವಾಗ ಸಿಕ್ಕಿದ ನಿಧಿ ಇನ್ನೂ ಬೇರೆ, ಅದಕ್ಕೆ 1878ರಿಂದಲೇ ನಿಧಿ ಕಾಯ್ದೆ ಇದೆ, ಸರ್ಕಾರಕ್ಕೆ ತಿಳಿಸ್ಲೇಬೇಕು.

ಟ್ಯಾಕ್ಸ್ ವಿಷ್ಯದಲ್ಲಿ ಸ್ವಂತಕ್ಕೆ ಬಳಸೋ ವಸ್ತು ಬೇರೆ, ಒಡವೆ, ಕಲಾಕೃತಿ, ಪುರಾತನ ಸಂಗ್ರಹ ಬೇರೆ, ಎರಡನೇ ಗುಂಪಿಗೆ ಲಾಭದ ಮೇಲೆ ಟ್ಯಾಕ್ಸ್ ಬೀಳುತ್ತೆ. ದೊಡ್ಡ ಮೊತ್ತ ಬರೋದಾದ್ರೆ ಮಾರೋಕೆ ಮುಂಚೆನೇ ಸಿಎ ಹತ್ರ ಹತ್ತು ನಿಮಿಷ ಕೂತ್ಕೊಳ್ಳಿ.

ದುಡ್ಡು ಬಂದ ದಿನನೇ ಕಾರ್ಡಿಗೆ ಕಟ್ಟಿ, "ನಾಳೆ ಕಟ್ಟೋಣ" ಅಂದ ದುಡ್ಡಲ್ಲಿ ನಾನೊಂದು ವಾಚ್ ಸ್ಟ್ರಾಪ್ ಕೊಂಡಿದ್ದೆ. ರಿಕವರಿಯೋರು "ಇಷ್ಟು ಕಟ್ಟಿ ಸೆಟ್ಲ್ ಮಾಡ್ಕೊಳ್ಳಿ ಸಾರ್" ಅಂದ್ರೆ ಖುಷಿ ಪಡ್ಬೇಡಿ, ನಮ್ಮ ಸಾಲದ ಚರಿತ್ರೆ ತೋರಿಸೋ ಸಿಬಿಲ್ ರಿಪೋರ್ಟ್‌ನಲ್ಲಿ "ಸೆಟಲ್ಡ್" ಅಂತ ಬಂದ್ರೆ ಮುಂದೆ ಲೋನ್ ಕೇಳೋವಾಗ ಕಷ್ಟ, ಸಾಧ್ಯ ಆದ್ರೆ ಪೂರ್ತಿ ಕಟ್ಟಿ "ಕ್ಲೋಸ್ಡ್" ಅಂತ ಮಾಡಿಸಿ, ಬಾಕಿ ಇಲ್ಲ ಅನ್ನೋ ನೋ ಡ್ಯೂ ಲೆಟರ್ ಇಸ್ಕೊಳ್ಳಿ. ಮತ್ತೆ ಪೂರ್ತಿ ಕಟ್ಟಿದ್ಮೇಲೂ ಮುಂದಿನ ತಿಂಗಳು ಒಂದು ಸಣ್ಣ ಬಿಲ್ಲು ಬರುತ್ತೆ, ಹಿಂದಿನ ಬಿಲ್ ಆದ ದಿನದಿಂದ ನೀವು ಕಟ್ಟಿದ ದಿನದವರೆಗಿನ ಬಡ್ಡಿ ಅದು. ನಂಗೆ 1,164 ಬಂತು. ಮೋಸ ಅಂತ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಅರ್ಧ ಗಂಟೆ ಜಗಳ ಆಡಿದೆ, ಆಮೇಲೆ ಆ ಹುಡುಗಿ ದಿನ ದಿನದ ಲೆಕ್ಕ ಓದಿ ಹೇಳಿದ್ಲು, ತೆಪ್ಪಗೆ ಕಟ್ದೆ.